ಮಯೊಸ್ಟಾಟಿನ್ ಹುಡುಕುವ ಪ್ರತಿಕಾಯವನ್ನು ಎಷ್ಟು ನಂಬಬಹುದು?

(ಜೀವವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಚಿತ್ರ ನೋಡೋಣ. ಪರದೆಯ ಮೇಲೆ ಬೂದು ಬಣ್ಣದ ಒಂದು ಚೌಕ ಕಾಣುತ್ತಿದೆ. ಅದರಲ್ಲಿ ಆರು ಕಪ್ಪು ಗೆರೆಗಳು, ಎಲ್ಲವೂ ಒಂದೇ ಮಟ್ಟದಲ್ಲಿ. ಮೊದಲ ಮೂರು ಎಳೆಯ ಇಲಿಗಳ ಸ್ನಾಯುವಿನಿಂದ ಬಂದವು, ಮುಂದಿನ ಮೂರು ಮುದಿ ಇಲಿಗಳವು. ಮುದಿ ಇಲಿಗಳ ಗೆರೆ ಸ್ವಲ್ಪ ಜಾಸ್ತಿ ದಪ್ಪ. ಇದನ್ನು ನೋಡಿದರೆ ಯಾರಿಗಾದರೂ ಏನು ಅನ್ನಿಸುತ್ತದೆ? ವಯಸ್ಸಾದಂತೆ ಈ ಪ್ರೋಟೀನ್ ಹೆಚ್ಚುತ್ತದೆ ಅಂತ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ನಾಲ್ಕು ತಿಂಗಳು ಅದನ್ನೇ ನಂಬಿಕೊಂಡು ಕೆಲಸ ಮಾಡಿದೆ. ಆದರೆ ಆ ಗೆರೆ ನಾನು ಹುಡುಕುತ್ತಿದ್ದ ಪ್ರೋಟೀನ್ ಆಗಿರಲೇ ಇಲ್ಲ.

ಹಾಗಾದರೆ ಅದು ಏನು? ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಹುಡುಕುತ್ತಿದ್ದದ್ದು ಏನನ್ನು ಅಂತ ಹೇಳಬೇಕು.

ಸ್ನಾಯುವನ್ನು ಬೆಳೆಸುವ ಸಂಕೇತಗಳು ಮೈಯಲ್ಲಿ ಹಲವು ಇವೆ. "ಇಷ್ಟು ಸಾಕು" ಎಂದು ತಡೆಯುವ ಸಂಕೇತವೂ ಒಂದಿದೆ. ಅದೇ ಮಯೊಸ್ಟಾಟಿನ್. ಜಿಡಿಎಫ್ 8 ಎಂಬುದು ಅದರ ಇನ್ನೊಂದು ಹೆಸರು. 1997ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರಾನ್, ಸೆ-ಜಿನ್ ಲೀ ಮತ್ತು ಅವರ ಜೊತೆಗಾರರು ಈ ಜೀನ್ ಕೆಲಸ ಮಾಡದ ಇಲಿಗಳನ್ನು ಬೆಳೆಸಿದರು. ಆ ಇಲಿಗಳ ಒಂದೊಂದು ಸ್ನಾಯುವೂ ಮಾಮೂಲಿ ಇಲಿಯದಕ್ಕಿಂತ ಎರಡರಿಂದ ಮೂರು ಪಟ್ಟು ತೂಕ ಇತ್ತು. ಅದೇ ವರ್ಷ ಇನ್ನೊಂದು ಒಗಟೂ ಬಿಡಿಸಿಕೊಂಡಿತು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯ ಮೈ ಕಡೆದಿಟ್ಟ ಹಾಗೆ ಇರುತ್ತದೆ. ಅವುಗಳ ಮಯೊಸ್ಟಾಟಿನ್ ಜೀನ್‌ನಲ್ಲಿ 11 ಅಕ್ಷರಗಳು ಬಿಟ್ಟುಹೋಗಿದ್ದವು. 2004ರಲ್ಲಿ ಜರ್ಮನಿಯ ವೈದ್ಯರು ಒಬ್ಬ ಪುಟ್ಟ ಹುಡುಗನ ಬಗ್ಗೆ ಬರೆದರು. ಹುಟ್ಟಿದಾಗಲೇ ಅವನ ತೊಡೆ, ತೋಳು ಎದ್ದು ಕಾಣುವಷ್ಟು ತುಂಬಿಕೊಂಡಿದ್ದವು. ಅವನಲ್ಲಿ ಈ ಜೀನ್‌ನ ಎರಡು ಪ್ರತಿಗಳೂ ಕೆಟ್ಟಿದ್ದವು. ವಿಪೆಟ್ ಎಂಬ ಓಟದ ನಾಯಿಗಳ ಕಥೆ ಬಂದದ್ದು 2007ರಲ್ಲಿ. ಒಂದು ಪ್ರತಿ ಕೆಟ್ಟರೆ ನಾಯಿ ಜೋರಾಗಿ ಓಡುತ್ತದೆ. ಎರಡೂ ಕೆಟ್ಟರೆ ಮೈ ವಿಪರೀತ ದಪ್ಪವಾಗುತ್ತದೆ.

ಇಷ್ಟು ಸ್ಪಷ್ಟ ಪರಿಣಾಮ ಇರುವ ಪ್ರೋಟೀನ್ ಅಂದಮೇಲೆ ಅದನ್ನು ಅಳೆಯುವುದೂ ಸುಲಭ ಅನ್ನಿಸಬಹುದು. ಇಲ್ಲ. ಕಷ್ಟ ಶುರುವಾಗುವುದೇ ಅಲ್ಲಿ.

ಮಯೊಸ್ಟಾಟಿನ್ ಜೀವಕೋಶದಲ್ಲಿ 375 ಅಮೈನೋ ಆಮ್ಲಗಳ ಒಂದು ಉದ್ದ ಸರಪಳಿಯಾಗಿ ಹುಟ್ಟುತ್ತದೆ. ಇದು ಮನುಷ್ಯರ ಲೆಕ್ಕ. ಅದರಲ್ಲಿ ನಿಜವಾಗಿ ಕೆಲಸ ಮಾಡುವುದು ಕೊನೆಯ 109 ಮಾತ್ರ. ಈ ತುಂಡುಗಳು ಎರಡೆರಡು ಸೇರಿ ಜೋಡಿಯಾಗುತ್ತವೆ. ಉದ್ದ ಸರಪಳಿಯನ್ನು ಒಂದು ಕಿಣ್ವ ಕತ್ತರಿಸುತ್ತದೆ. ಆದರೆ ಕತ್ತರಿಸಿದ ಮೇಲೂ ಮುಂದಿನ ತುಂಡು, ಅಂದರೆ ಸರಪಳಿಯ ಆರಂಭದ ಭಾಗ, ಬಿಟ್ಟುಹೋಗುವುದಿಲ್ಲ. ಕೆಲಸದ ತುಂಡನ್ನು ತಬ್ಬಿಕೊಂಡು ಅದನ್ನು ಸುಮ್ಮನಿರಿಸುತ್ತದೆ. ಇನ್ನೊಂದು ಕಿಣ್ವ ಬಂದು ಆ ಮುಂದಿನ ತುಂಡನ್ನೂ ಕಡಿದಾಗ ಮಾತ್ರ ಮಯೊಸ್ಟಾಟಿನ್ ಬಿಡುಗಡೆಯಾಗಿ ತನ್ನ ಕೆಲಸ ಮಾಡುತ್ತದೆ.

ಹಾಗಾಗಿ "ಈ ಸ್ನಾಯುವಿನಲ್ಲಿ ಮಯೊಸ್ಟಾಟಿನ್ ಎಷ್ಟಿದೆ?" ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಯಾವ ಮಯೊಸ್ಟಾಟಿನ್? ಕತ್ತರಿಸದೆ ಉಳಿದಿರುವ ಉದ್ದ ಸರಪಳಿಯೇ? ಅಪ್ಪಿಕೊಂಡು ಸುಮ್ಮನಿರುವ ರೂಪವೇ? ಬಿಡುಗಡೆಯಾದದ್ದೇ? ಪ್ರೋಟೀನ್‌ನ ತೂಕವನ್ನು ಕಿಲೋಡಾಲ್ಟನ್ ಲೆಕ್ಕದಲ್ಲಿ ಹೇಳುತ್ತಾರೆ. ತೂಕ ನೋಡಿದರೆ ಉದ್ದ ಸರಪಳಿ, ಪ್ರೋಟೀನ್‌ಗಳನ್ನು ತೂಕದಂತೆ ಬೇರ್ಪಡಿಸುವ ಜೆಲ್‌ನಲ್ಲಿ, 50 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಕಾಣಿಸುತ್ತದೆ. ಕೆಲಸದ ತುಂಡಿನ ಜೋಡಿ ಸುಮಾರು 25. ಜೋಡಿ ಬಿಡಿಸಿದರೆ ಒಂದೊಂದೂ ಸುಮಾರು 12.5. ಈ 50, 25, 12.5 ಎಂಬ ಮೂರು ಸಂಖ್ಯೆಗಳನ್ನು ದಯವಿಟ್ಟು ನೆನಪಿಡಿ.

ಈಗ ಪ್ರತಿಕಾಯ. ಸೋಂಕು ಬಂದಾಗ ನಮ್ಮ ರಕ್ತದಲ್ಲಿ ತಯಾರಾಗುವ ಪ್ರತಿಕಾಯವೇ ಇದೂ. ಲ್ಯಾಬ್‌ನಲ್ಲಿ ಅದನ್ನು ಹುಡುಕುವ ಕೈಯಾಗಿ ಬಳಸುತ್ತೇವೆ. ಆಕಾರ ಇಂಗ್ಲಿಷಿನ ವೈ ಅಕ್ಷರದ ಹಾಗೆ. ಮೇಲಿನ ಎರಡು ತುದಿಗಳು ಯಾವುದೋ ಒಂದು ಪ್ರೋಟೀನ್‌ನ ಒಂದು ಸಣ್ಣ ಜಾಗವನ್ನು ಗುರುತು ಹಿಡಿದು ಅಂಟಿಕೊಳ್ಳುತ್ತವೆ. ಪ್ರತಿಕಾಯವೂ ಒಂದು ಪ್ರೋಟೀನ್ ತಾನೇ, ಅದಕ್ಕೂ ತೂಕ ಇದೆ. ಅದರಲ್ಲಿ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ ಇರುತ್ತವೆ. ಭಾರದ್ದು ಸುಮಾರು 50 ಕಿಲೋಡಾಲ್ಟನ್. ಹಗುರದ್ದು ಸುಮಾರು 25.

ಕೆಲವರ ಮುಖದಲ್ಲಿ ಆಗಲೇ ನಗು ಕಾಣುತ್ತಿದೆ. ನಿಮಗೆ ಹೊಳೆಯಿತು.

ಪ್ರತಿಕಾಯ ತಯಾರಿಸುವ ಹಳೆಯ ದಾರಿ ಮೊಲದ್ದು. ನಮಗೆ ಬೇಕಾದ ಪ್ರೋಟೀನನ್ನು ಮೊಲಕ್ಕೆ ಚುಚ್ಚುತ್ತಾರೆ. ಮೊಲದ ಮೈ ಅದನ್ನು ಪರಕೀಯ ಎಂದುಕೊಂಡು ಹಲವು ಬಗೆಯ ಪ್ರತಿಕಾಯಗಳನ್ನು ಮಾಡುತ್ತದೆ. ರಕ್ತ ತೆಗೆದು ಅವನ್ನು ಬೇರ್ಪಡಿಸಿಕೊಳ್ಳುತ್ತಾರೆ. ಆ ಮೊಲ ಸತ್ತರೆ ಆ ಮಿಶ್ರಣವೂ ಮುಗಿಯಿತು. ಇನ್ನೊಂದು ಮೊಲ ಕೊಡುವುದು ಬೇರೆಯದೇ ಮಿಶ್ರಣ. 1975ರಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇದಕ್ಕೆ ಪರಿಹಾರ ಕಂಡುಕೊಂಡರು. ಪ್ರತಿಕಾಯ ಮಾಡುವ ಒಂದು ಜೀವಕೋಶವನ್ನು ಸಾವಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಆಗ ಒಂದೇ ಬಗೆಯ ಪ್ರತಿಕಾಯ ಎಷ್ಟು ಬೇಕಾದರೂ ಸಿಗತೊಡಗಿತು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಈಗೀಗ ಪ್ರತಿಕಾಯದ ಜೀನ್‌ನ ಅಕ್ಷರಗಳನ್ನೇ ಬರೆದಿಟ್ಟುಕೊಂಡು, ಯಾವಾಗ ಬೇಕಾದರೂ ಅದನ್ನೇ ಮತ್ತೆ ತಯಾರಿಸುತ್ತಾರೆ. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಈ ಬಗೆಯದ್ದು ಸಿಗುವಾಗ ಮೊಲದ ಮಿಶ್ರಣ ಕೊಳ್ಳಲು ಕಾರಣವೇ ಇಲ್ಲ.

ಮಯೊಸ್ಟಾಟಿನ್‌ಗೆ ಮಾತ್ರ ಇದೆಲ್ಲ ಸರಾಗವಾಗಿ ನಡೆಯುವುದಿಲ್ಲ. ಅದರ ಕೆಲಸದ ತುಂಡು ಮನುಷ್ಯ, ಇಲಿ, ಹಂದಿ, ಕೋಳಿ ಎಲ್ಲದರಲ್ಲೂ ಒಂದೇ. ಒಂದು ಅಮೈನೋ ಆಮ್ಲವೂ ಬದಲಾಗಿಲ್ಲ. ಮನುಷ್ಯರ ಮಯೊಸ್ಟಾಟಿನನ್ನು ಇಲಿಗೆ ಚುಚ್ಚಿದರೆ ಇಲಿಯ ಮೈ "ಇದು ನಮ್ಮದೇ" ಎಂದು ಸುಮ್ಮನಿದ್ದುಬಿಡುತ್ತದೆ. ಸಸ್ತನಿಗಳಲ್ಲಿ ಒಂದೇ ಥರ ಇರುವ ಪ್ರೋಟೀನ್‌ಗೆ ಪ್ರತಿಕಾಯ ಬೇಕಾದರೆ ಕೋಳಿಗೆ ಚುಚ್ಚುವುದು ರೂಢಿ. ಇಲ್ಲಿ ಕೋಳಿಯದೂ ಅದೇ ಆದ್ದರಿಂದ ಆ ಬಾಗಿಲೂ ಮುಚ್ಚಿದೆ. ಇದ್ದ ಒಳ್ಳೆಯ ಉಪಾಯ ಮಯೊಸ್ಟಾಟಿನ್ ಜೀನ್ ತೆಗೆದುಹಾಕಿದ ಇಲಿಗೇ ಚುಚ್ಚುವುದು. ಆ ಇಲಿಯ ಮೈ ಹುಟ್ಟಿದಾಗಿನಿಂದ ಈ ಪ್ರೋಟೀನನ್ನು ನೋಡಿಯೇ ಇಲ್ಲ. ಹಾಗಾಗಿ ಪರಕೀಯ ಅಂತಲೇ ಎಣಿಸುತ್ತದೆ. ನನಗೆ ಇದು ಈ ಕ್ಷೇತ್ರದ ಅತಿ ಸುಂದರ ಯೋಚನೆಗಳಲ್ಲಿ ಒಂದು.

ಮುಂದಿನ ತುಂಡು, ಅಂದರೆ ಅಪ್ಪಿಕೊಂಡಿರುವ ತುಂಡು, ಪ್ರಾಣಿಯಿಂದ ಪ್ರಾಣಿಗೆ ಸಾಕಷ್ಟು ಬದಲಾಗುತ್ತದೆ. ಅದಕ್ಕೆ ಪ್ರತಿಕಾಯ ಮಾಡುವುದು ಸುಲಭ. ಮಾರುಕಟ್ಟೆಯಲ್ಲಿ ಎರಡೂ ಬಗೆಯವು ಸಿಗುತ್ತವೆ, ಬಾಟಲಿಯ ಮೇಲಿನ ಹೆಸರೂ ಒಂದೇ. ಕೊಳ್ಳುವ ಮುಂಚೆ ಮೊದಲು ನೋಡಬೇಕಾದ್ದು ಅದು ಯಾವ ತುಂಡನ್ನು ಹಿಡಿಯುತ್ತದೆ ಎಂಬುದನ್ನು. ಬೆಲೆಯನ್ನು ಆಮೇಲೆ ನೋಡಬಹುದು.

ಈಗ ನನ್ನ ಆರು ಗೆರೆಗಳಿಗೆ ಬರೋಣ.

ಅವತ್ತು ಮಾಡಿದ್ದು ವೆಸ್ಟರ್ನ್ ಬ್ಲಾಟ್. ಇಲಿಯ ಹಿಂಗಾಲಿನ ಸ್ನಾಯುವನ್ನು ಅರೆದು, ಪ್ರೋಟೀನ್ ತೆಗೆದು, ಮರ್ಕ್ಯಾಪ್ಟೋಎಥನಾಲ್ ಹಾಕಿ ಕುದಿಸಿದೆ. ಕೊಳೆತ ಮೊಟ್ಟೆಯಂಥ ಅದರ ವಾಸನೆ ಸಂಜೆವರೆಗೂ ಕೈಯಲ್ಲಿ ಇರುತ್ತದೆ. ಅದರ ಕೆಲಸ ಪ್ರೋಟೀನ್‌ಗಳ ನಡುವಿನ ಗಂಧಕದ ಕೊಂಡಿಗಳನ್ನು ಬಿಡಿಸುವುದು. ಆಮೇಲೆ ಜೆಲ್‌ಗೆ ಹಾಕಿ ಕರೆಂಟ್ ಕೊಟ್ಟೆ. ಹಗುರ ಪ್ರೋಟೀನ್‌ಗಳು ಬೇಗ ಕೆಳಗಿಳಿದವು, ಭಾರದವು ಮೇಲೆ ಉಳಿದವು. ಅವನ್ನು ತೆಳುವಾದ ಬಿಳಿ ಮೆಂಬ್ರೇನ್‌ಗೆ ಇಳಿಸಿಕೊಂಡೆ. ಖಾಲಿ ಜಾಗಕ್ಕೆಲ್ಲ ಪ್ರತಿಕಾಯ ಅಂಟದಿರಲಿ ಅಂತ ಹಾಲಿನ ಪುಡಿ ಕರಗಿಸಿದ ನೀರಿನಲ್ಲಿ ಒಂದು ಗಂಟೆ ಬಿಟ್ಟೆ. ನಂತರ ಮಯೊಸ್ಟಾಟಿನ್ ಪ್ರತಿಕಾಯ, ಸಾವಿರಕ್ಕೆ ಒಂದರಂತೆ, 4 ಡಿಗ್ರಿಯಲ್ಲಿ ರಾತ್ರಿಯಿಡೀ. ಬೆಳಿಗ್ಗೆ ತೊಳೆದು ಎರಡನೆಯ ಪ್ರತಿಕಾಯ ಹಾಕಿದೆ. ಇದು ಮೊದಲ ಪ್ರತಿಕಾಯವನ್ನು ಹಿಡಿದುಕೊಂಡು ಬೆಳಕು ಕೊಡುವ ಪ್ರತಿಕಾಯ. ಕೊನೆಗೆ ಕತ್ತಲಕೋಣೆಯಲ್ಲಿ ಫಿಲ್ಮ್. ದ್ರಾವಣದಲ್ಲಿ ಫಿಲ್ಮ್ ಅಲ್ಲಾಡಿಸುತ್ತಿದ್ದ ಹಾಗೆ ಕೆಂಪು ದೀಪದ ಕೆಳಗೆ ಆರು ಗೆರೆಗಳು ಮೂಡಿದವು. 25 ಕಿಲೋಡಾಲ್ಟನ್. ಮಯೊಸ್ಟಾಟಿನ್ ಜೋಡಿಯ ತೂಕ ಇದೇ. ಆ ಖುಷಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ತಪ್ಪು ಎಲ್ಲಿತ್ತು? ಎರಡು ಕಡೆ ಇತ್ತು, ಎರಡೂ ಕಣ್ಣೆದುರೇ ಇದ್ದವು.

ಮೊದಲನೆಯದು ಮರ್ಕ್ಯಾಪ್ಟೋಎಥನಾಲ್. ಜೋಡಿಯನ್ನು ಕಟ್ಟಿಟ್ಟಿರುವುದೇ ಗಂಧಕದ ಕೊಂಡಿ. ಅದನ್ನು ನಾನೇ ಬಿಡಿಸಿದ ಮೇಲೆ ಮಯೊಸ್ಟಾಟಿನ್ 25ರಲ್ಲಿ ಇರುವುದು ಹೇಗೆ? 12.5ಕ್ಕೆ ಇಳಿದಿರಬೇಕಿತ್ತು. ಆದರೆ ನಾನು ಜೆಲ್ಲನ್ನು ಜಾಸ್ತಿ ಹೊತ್ತು ಓಡಿಸಿದ್ದೆ. ಅಷ್ಟು ಹಗುರದ ಪ್ರೋಟೀನ್‌ಗಳೆಲ್ಲ ಕೆಳಗಿನಿಂದ ಹೊರಗೆ ಹೋಗಿಬಿಟ್ಟಿದ್ದವು.

ಎರಡನೆಯದು ಇನ್ನೂ ಸರಳ. ನನ್ನ ಮೊದಲ ಪ್ರತಿಕಾಯ ಇಲಿಯಲ್ಲಿ ತಯಾರಾದದ್ದು. ಎರಡನೆಯದು ಇಲಿಯ ಪ್ರತಿಕಾಯ ಯಾವುದೇ ಇರಲಿ, ಅದನ್ನು ಹಿಡಿಯುವಂಥದ್ದು. ಸ್ನಾಯುವೂ ಇಲಿಯದೇ. ಸ್ನಾಯುವಿನಲ್ಲಿ ರಕ್ತ ಇರುತ್ತದೆ, ರಕ್ತದಲ್ಲಿ ಇಲಿಯ ಸ್ವಂತ ಪ್ರತಿಕಾಯಗಳು ಇರುತ್ತವೆ. ಅವುಗಳ ಹಗುರ ಸರಪಳಿ 25. ಎರಡನೆಯ ಪ್ರತಿಕಾಯ ಪ್ರಾಮಾಣಿಕವಾಗಿ ಅವನ್ನು ಹುಡುಕಿ ತೋರಿಸಿತ್ತು. ಮುದಿ ಇಲಿಗಳ ರಕ್ತದಲ್ಲಿ ಪ್ರತಿಕಾಯ ಹೆಚ್ಚಿರುತ್ತದೆ, ಅದಕ್ಕೇ ಅವುಗಳ ಗೆರೆ ದಪ್ಪ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿಕೊಂಡು ಬಂದವರು ನಾವು. 25ರಲ್ಲಿ ಕಂಡದ್ದೆಲ್ಲ ಮಯೊಸ್ಟಾಟಿನ್ ಅಲ್ಲ ಅಂತ ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಭಾರದ ಸರಪಳಿ 50ರಲ್ಲಿ ಕಾಣಿಸಿದ್ದನ್ನು "ಉದ್ದ ಸರಪಳಿ ಇನ್ನೂ ಕತ್ತರಿಸಿಲ್ಲ" ಎಂದು ಬರೆದುಕೊಂಡಿದ್ದೆ. ಎಲ್ಲವೂ ಎಷ್ಟು ಚೆನ್ನಾಗಿ ಹೊಂದುತ್ತಿತ್ತು ನೋಡಿ.

ಇದು ಬಯಲಾದದ್ದು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರಿಂದ. ಅವರು ಮೆಂಬ್ರೇನ್‌ನ ಒಂದು ಪಟ್ಟಿ ಕತ್ತರಿಸಿಕೊಂಡು, ಮೊದಲ ಪ್ರತಿಕಾಯ ಹಾಕದೆ ಬರೀ ಎರಡನೆಯದನ್ನು ಹಾಕಿ ನೋಡಿದರು. ಗೆರೆ ಹಾಗೇ ಬಂತು. ಅರ್ಧ ದಿನದ ಕೆಲಸ. ನಾನು ಮೊದಲ ವಾರದಲ್ಲೇ ಮಾಡಬೇಕಿದ್ದ ಕೆಲಸ.

ಈ ಬಲೆಗೆ ನಾನೊಬ್ಬಳೇ ಬಿದ್ದವಳಲ್ಲ ಎಂಬುದಕ್ಕೆ ಒಂದು ದೊಡ್ಡ ಕಥೆಯೇ ಇದೆ. ಮಯೊಸ್ಟಾಟಿನ್‌ಗೆ ಜಿಡಿಎಫ್ 11 ಎಂಬ ಒಡಹುಟ್ಟು ಇದೆ. ಇಬ್ಬರ ಕೆಲಸದ ತುಂಡಿನಲ್ಲಿ 109ರಲ್ಲಿ ಸುಮಾರು 11 ಅಮೈನೋ ಆಮ್ಲ ಮಾತ್ರ ಬೇರೆ. ಅವಳಿಗಳು ಅಂತಲೇ ಹೇಳಬಹುದು. 2013ರಲ್ಲಿ ಹಾರ್ವರ್ಡ್‌ನ ತಂಡವೊಂದು ಒಂದು ಬೆರಗಿನ ಸುದ್ದಿ ಕೊಟ್ಟಿತು. ವಯಸ್ಸಾದಂತೆ ಇಲಿಗಳ ರಕ್ತದಲ್ಲಿ ಜಿಡಿಎಫ್ 11 ಕಡಿಮೆಯಾಗುತ್ತದೆ, ಅದನ್ನು ಮತ್ತೆ ಕೊಟ್ಟರೆ ಮುದಿ ಇಲಿಯ ದಪ್ಪಗಾದ ಹೃದಯ ಸುಧಾರಿಸುತ್ತದೆ ಅಂತ. ಮರುವರ್ಷ ಸ್ನಾಯು, ಮಿದುಳಿಗೂ ಅದರಿಂದ ಒಳ್ಳೆಯದಾಗುತ್ತದೆ ಎಂಬ ವರದಿಗಳು ಬಂದವು. ಮುಪ್ಪು ತಡೆಯುವ ಪ್ರೋಟೀನ್ ಸಿಕ್ಕಿತು ಎಂದು ಪತ್ರಿಕೆಗಳಲ್ಲಿ ಬಂತು.

2015ರಲ್ಲಿ ನೊವಾರ್ಟಿಸ್ ಕಂಪನಿಯ ವಿಜ್ಞಾನಿಗಳು ಬೇರೆ ಮಾತು ಹೇಳಿದರು. ಆ ಅಳತೆಗೆ ಬಳಸಿದ ಸಾಧನಗಳಿಗೆ ಜಿಡಿಎಫ್ 11 ಯಾವುದು, ಮಯೊಸ್ಟಾಟಿನ್ ಯಾವುದು ಎಂದು ಬೇರೆ ಮಾಡಿ ಹೇಳಲು ಆಗುತ್ತಿರಲಿಲ್ಲ. ಅವರ ಪ್ರಕಾರ ಜಿಡಿಎಫ್ 11 ವಯಸ್ಸಿನ ಜೊತೆ ಕಡಿಮೆಯಾಗುವುದಿಲ್ಲ, ಬದಲಿಗೆ ಹೆಚ್ಚುವ ಲಕ್ಷಣ ಇದೆ. ಸ್ನಾಯು ಮತ್ತೆ ಬೆಳೆಯುವುದಕ್ಕೂ ಅದು ಅಡ್ಡಿ. ಆಗ ಹಾರ್ವರ್ಡ್ ಕಡೆಯವರು ನೊವಾರ್ಟಿಸ್ ತಂಡದ ಬ್ಲಾಟನ್ನು ಪರಿಶೀಲಿಸಿದರು. ಅದರಲ್ಲಿ ವಯಸ್ಸಿನ ಜೊತೆ ಹೆಚ್ಚುತ್ತಿದ್ದ 25ರ ಗೆರೆ ಯಾವುದೆಂದು ಅವರು ಹೇಳಿದರು ಗೊತ್ತಾ? ಪ್ರತಿಕಾಯದ ಹಗುರ ಸರಪಳಿ.

ಅದನ್ನು ಓದಿದಾಗ ಸ್ವಲ್ಪ ಹೊತ್ತು ಕುರ್ಚಿಯಿಂದ ಏಳಲಾಗಲಿಲ್ಲ. ಜಗತ್ತಿನ ಅತಿ ದೊಡ್ಡ ಲ್ಯಾಬ್‌ಗಳು ವರ್ಷಗಟ್ಟಲೆ ಜಗಳವಾಡಿದ್ದು ನನ್ನ ಫಿಲ್ಮ್ ಮೇಲಿದ್ದ ಅದೇ ಗೆರೆಯ ಬಗ್ಗೆ. ಎರಡೂ ಕಡೆಯವರು ಬುದ್ಧಿವಂತರು, ಶ್ರದ್ಧೆಯಿಂದ ದುಡಿದವರು. ಪ್ರತಿಕಾಯ ಹಿಡಿದದ್ದು ಏನನ್ನು ಎಂಬ ಒಂದು ಪ್ರಶ್ನೆ ಗಟ್ಟಿಯಾಗದಿದ್ದರೆ ಅದರ ಮೇಲೆ ಕಟ್ಟಿದ್ದೆಲ್ಲ ಅಲುಗಾಡುತ್ತದೆ.

ಇದು ಈ ಒಂದು ಪ್ರೋಟೀನ್‌ನ ಕಷ್ಟವೂ ಅಲ್ಲ. 2023ರಲ್ಲಿ ಕೆನಡಾದ ವಿಜ್ಞಾನಿಗಳು ಮುಂದೆ ನಿಂತು ಮಾಡಿದ ಒಂದು ಪರೀಕ್ಷೆ ಪ್ರಕಟವಾಯಿತು. 65 ಪ್ರೋಟೀನ್‌ಗಳಿಗೆ ಅಂತ ಮಾರಾಟವಾಗುವ 614 ಪ್ರತಿಕಾಯಗಳನ್ನು, ಆಯಾ ಜೀನ್ ತೆಗೆದ ಕೋಶಗಳ ಜೊತೆ ಇಟ್ಟು ಒಂದೊಂದಾಗಿ ನೋಡಿದರು. ತನ್ನ ಪ್ರೋಟೀನನ್ನು ಹಿಡಿಯಲಾರದ ಪ್ರತಿಕಾಯ ಬಳಸಿದ ಪ್ರಬಂಧಗಳು ಪ್ರತಿ ಪ್ರೋಟೀನ್‌ಗೂ ಸರಾಸರಿ 12 ಸಿಕ್ಕವು. ಸಮಾಧಾನದ ವಿಷಯವೂ ಇದೆ. ಪ್ರತಿಕಾಯ ಕೊಟ್ಟ ಕಂಪನಿಗಳೇ ಈ ಕೆಲಸದಲ್ಲಿ ಜೊತೆಗಿದ್ದವು, ಸೋತವುಗಳಲ್ಲಿ ಎಷ್ಟನ್ನೋ ಹಿಂದೆ ತೆಗೆದುಕೊಂಡವು. ಜೀನ್ ಅಕ್ಷರ ಬರೆದಿಟ್ಟು ತಯಾರಿಸುವ ಪ್ರತಿಕಾಯಗಳೇ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು.

ಒಂದು ಪ್ರತಿಕಾಯ ಒಳ್ಳೆಯದೋ ಅಲ್ಲವೋ ಎಂದು ನೋಡಲು ಪ್ರೋಟೀನ್ ಇರುವ ಜಾಗವನ್ನು ನೋಡಿದರೆ ಸಾಲದು. ಇಲ್ಲದ ಜಾಗದಲ್ಲಿ ಅದು ಸುಮ್ಮನಿರುತ್ತದಾ ಎಂದು ನೋಡಬೇಕು. ಮಯೊಸ್ಟಾಟಿನ್ ವಿಷಯದಲ್ಲಿ ನಾವು ಪುಣ್ಯವಂತರು, ಜೀನ್ ತೆಗೆದ ಇಲಿ 1997ರಿಂದಲೂ ಇದೆ. ಅದರ ಸ್ನಾಯುವನ್ನು ಜೆಲ್‌ನ ಒಂದು ಲೇನ್‌ಗೆ, ಅಂದರೆ ಒಂದು ಸಾಲಿಗೆ, ಹಾಕಿ. ಅಲ್ಲಿಯೂ ಗೆರೆ ಬಂದರೆ ಅದು ಮಯೊಸ್ಟಾಟಿನ್ ಅಲ್ಲ, ಮಾತು ಮುಗಿಯಿತು.

ಇಲ್ಲೂ ಒಂದು ಸೂಕ್ಷ್ಮ ಇದೆ. ಆ ಇಲಿಗಳಲ್ಲಿ ತೆಗೆದದ್ದು ಕೊನೆಯ ಕೆಲಸದ ತುಂಡಿನ ಭಾಗವನ್ನು. ಬೆಲ್ಜಿಯನ್ ಬ್ಲೂ ದನದಲ್ಲಿಯೂ ಕೆಟ್ಟಿರುವುದು ಆ ಕಡೆಯದೇ. ಮುಂದಿನ ತುಂಡನ್ನು ಹಿಡಿಯುವ ಪ್ರತಿಕಾಯ ಬಳಸುವವರು "ಜೀನ್ ತೆಗೆದ ಇಲಿ" ಎಂಬ ಹೆಸರು ನೋಡಿ ಸಮಾಧಾನಪಡಬಾರದು. ಯಾವ ಭಾಗ ತೆಗೆದಿದ್ದಾರೆ, ನನ್ನ ಪ್ರತಿಕಾಯ ಯಾವ ಭಾಗ ಹಿಡಿಯುತ್ತದೆ, ಎರಡನ್ನೂ ಪಕ್ಕಪಕ್ಕ ಬರೆದು ನೋಡಬೇಕು.

ರಕ್ತದಲ್ಲಿ ಅಳೆಯುವವರಿಗೆ ಇನ್ನೊಂದು ಮಾತು. ರಕ್ತದಲ್ಲಿರುವ ಮಯೊಸ್ಟಾಟಿನ್‌ನ ಬಹುಪಾಲು ತನ್ನ ಮುಂದಿನ ತುಂಡಿಗೋ, ಬೇರೆ ಪ್ರೋಟೀನ್‌ಗಳಿಗೋ ಅಂಟಿಕೊಂಡೇ ಇರುತ್ತದೆ. ಪ್ರತಿಕಾಯ ಹಿಡಿಯಬೇಕಾದ ಜಾಗ ಮುಚ್ಚಿಹೋಗಿರುತ್ತದೆ. ಅದಕ್ಕೇ ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಕೆಲವು ಎಲಿಸಾ ಕಿಟ್‌ಗಳಲ್ಲಿ ಸೀರಮ್‌ಗೆ (ರಕ್ತದ ತಿಳಿ ಭಾಗಕ್ಕೆ) ಮೊದಲು ಆಮ್ಲ ಹಾಕಿ, ಅಪ್ಪುಗೆ ಬಿಡಿಸಿ, ಮತ್ತೆ ಆಮ್ಲ ಕಳೆದು ಅಳೆಯುತ್ತಾರೆ. ಆಮ್ಲ ಹಾಕಿದವರ ಸಂಖ್ಯೆಯನ್ನೂ ಹಾಕದವರ ಸಂಖ್ಯೆಯನ್ನೂ ಹೋಲಿಸುವುದು ಸುಮ್ನೆ ದಂಡ. ಪ್ರಬಂಧ ಓದುವಾಗ ವಿಧಾನದ ಭಾಗದಲ್ಲಿ ಇದೊಂದು ಸಾಲನ್ನು ಹುಡುಕಿ.

ಔಷಧಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದು ನನ್ನ ಕ್ಷೇತ್ರ ಅಲ್ಲ. 2002ರಲ್ಲಿ ಸ್ನಾಯುಕ್ಷಯದ ಇಲಿಗಳಿಗೆ ಮೂರು ತಿಂಗಳು ಮಯೊಸ್ಟಾಟಿನ್ ತಡೆಯುವ ಪ್ರತಿಕಾಯ ಕೊಟ್ಟಾಗ ಸ್ನಾಯುವೂ ಶಕ್ತಿಯೂ ಹೆಚ್ಚಿದವು. ಮನುಷ್ಯರಲ್ಲಿ ಅದೇ ಫಲ ಸಿಗಲಿಲ್ಲ. ಡುಷೆನ್ ಸ್ನಾಯುಕ್ಷಯದ ಮಕ್ಕಳಲ್ಲಿ ಡೊಮಾಗ್ರೊಜುಮ್ಯಾಬ್ ಎಂಬ ಪ್ರತಿಕಾಯದ ಪ್ರಯೋಗವನ್ನು 2018ರಲ್ಲಿ ನಿಲ್ಲಿಸಿದರು. ಆದರೆ 2024ರಲ್ಲಿ ಅಪಿಟೆಗ್ರೊಮ್ಯಾಬ್ ಬೆನ್ನುಹುರಿ ನರಗಳ ಕಾಯಿಲೆಯಾದ ಎಸ್‌ಎಂಎ ಇರುವವರ ಪ್ರಯೋಗದಲ್ಲಿ ಗೆದ್ದಿತು. ಅದು ಬಿಡುಗಡೆಯಾದ ಮಯೊಸ್ಟಾಟಿನನ್ನು ಬೆನ್ನಟ್ಟುವುದಿಲ್ಲ. ಇನ್ನೂ ಅಪ್ಪಿಕೊಂಡು ಸುಮ್ಮನಿರುವ ರೂಪವನ್ನೇ ಹಿಡಿದು, ಬಿಡುಗಡೆಯಾಗದಂತೆ ತಡೆಯುತ್ತದೆ. ಒಡಹುಟ್ಟಾದ ಜಿಡಿಎಫ್ 11ರ ತಂಟೆಗೂ ಹೋಗುವುದಿಲ್ಲ. ಯಾವ ರೂಪ, ಯಾವ ಜಾಗ ಎಂಬ ಪ್ರಶ್ನೆ ಲ್ಯಾಬ್‌ನಿಂದ ಆಸ್ಪತ್ರೆಯವರೆಗೂ ಬರುತ್ತದೆ ಅನ್ನುವುದಕ್ಕಾಗಿ ಇದನ್ನು ಹೇಳಿದೆ.

ಉಪನ್ಯಾಸದ ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: "ಮೇಡಂ, ನಮ್ಮಲ್ಲಿ ಜೀನ್ ತೆಗೆದ ಇಲಿ ಇಲ್ಲ. ಪ್ರತಿಕಾಯಕ್ಕೆ ಅದರ ಪೆಪ್ಟೈಡ್ ಸೇರಿಸಿ, ಗೆರೆ ಮಾಯವಾದರೆ ಸರಿ ಅಂತ ತಗೋಬಹುದಾ?"

ಬೇಡ. ಪೆಪ್ಟೈಡ್ ಅಂದರೆ ಪ್ರತಿಕಾಯ ಹಿಡಿಯುವ ಪ್ರೋಟೀನ್‌ನ ಚಿಕ್ಕ ಚೂರು. ಅದನ್ನು ಸೇರಿಸಿದರೆ ಪ್ರತಿಕಾಯದ ಕೈಗಳು ತುಂಬಿಹೋಗುತ್ತವೆ. ಆಗ ಪ್ರತಿಕಾಯ ತಪ್ಪಾಗಿ ಹಿಡಿಯುತ್ತಿದ್ದ ಗೆರೆಯೂ ಮಾಯವಾಗುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಇಲಿ ಇಲ್ಲದಿದ್ದರೆ ಸ್ನಾಯು ಕೋಶಗಳಲ್ಲಿ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವಿಧಾನ ಬಳಸಿ ಜೀನ್ ತೆಗೆಯಿರಿ. ಮಯೊಸ್ಟಾಟಿನ್ ಮಾಡದ ಕೋಶಗಳಿಗೆ ಒಂದು ತಟ್ಟೆಯಲ್ಲಿ ಮಯೊಸ್ಟಾಟಿನ್ ಜೀನ್, ಇನ್ನೊಂದರಲ್ಲಿ ಜಿಡಿಎಫ್ 11 ಜೀನ್ ಹಾಕಿ ಬೆಳೆಸಿ, ಎರಡನ್ನೂ ಒಂದೇ ಜೆಲ್‌ನಲ್ಲಿ ಓಡಿಸಿ. ಮೊದಲ ಪ್ರತಿಕಾಯ ಇಲ್ಲದ ಪಟ್ಟಿಯನ್ನು ಮಾತ್ರ ಎಂದೂ ಬಿಡಬೇಡಿ. ಇಲಿಯ ಸ್ನಾಯುವಾದರೆ ಮೊಲದಲ್ಲಿ ತಯಾರಾದ ಪ್ರತಿಕಾಯ ಆರಿಸಿಕೊಳ್ಳಿ, ಅರ್ಧ ಕಾಟ ಅಲ್ಲೇ ತಪ್ಪುತ್ತದೆ. ಪ್ರಬಂಧ ಬರೆಯುವಾಗ ಪ್ರತಿಕಾಯದ ಕ್ಯಾಟಲಾಗ್ ಸಂಖ್ಯೆ, ಲಾಟ್ ಸಂಖ್ಯೆ ಎರಡನ್ನೂ ಬರೆಯಿರಿ. ನಿಮ್ಮ ಹಿಂದೆ ಬರುವವರಿಗೆ ಅದು ಬೇಕು.

ಹಿರಿಯರೊಬ್ಬರು ಹಿಂದಿನ ಸಾಲಿನಿಂದ ಕೇಳಿದರು: "ಅದೆಲ್ಲ ಸರಿ ತಾಯಿ, ವಯಸ್ಸಾದ ಮೇಲೆ ಮಯೊಸ್ಟಾಟಿನ್ ಹೆಚ್ಚುತ್ತೋ ಕಡಿಮೆಯಾಗುತ್ತೋ?"

2016ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ತಂಡವೊಂದು ಪ್ರತಿಕಾಯವನ್ನೇ ಬಿಟ್ಟು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಮನುಷ್ಯರ ರಕ್ತ ನೋಡಿತು. ಅದು ಮಯೊಸ್ಟಾಟಿನ್ ಮತ್ತು ಜಿಡಿಎಫ್ 11ರ ನಡುವಿನ ಆ 11 ಅಮೈನೋ ಆಮ್ಲಗಳ ವ್ಯತ್ಯಾಸವನ್ನು ನೇರವಾಗಿ ತೂಗಿ ಹೇಳಬಲ್ಲ ವಿಧಾನ. ಗಂಡಸರಲ್ಲಿ ಮಯೊಸ್ಟಾಟಿನ್ ಹೆಂಗಸರಿಗಿಂತ ಹೆಚ್ಚಿತ್ತು. ಎಳೆಯ ಗಂಡಸರಿಗಿಂತ ವಯಸ್ಸಾದ ಗಂಡಸರಲ್ಲಿ ಕಡಿಮೆ ಇತ್ತು. ಜಿಡಿಎಫ್ 11 ವಯಸ್ಸಿನ ಜೊತೆ ಇಳಿಯುವುದು ಕಾಣಲಿಲ್ಲ.

ನನ್ನ ಇಲಿಗಳದ್ದೂ ಹೇಳಿಬಿಡುತ್ತೇನೆ. ಮೊಲದ ಪ್ರತಿಕಾಯ ಹಾಕಿ, ಜೆಲ್ಲನ್ನು ಬೇಗ ನಿಲ್ಲಿಸಿ, ಅದೇ ಆರು ಸ್ನಾಯುಗಳನ್ನು ಮತ್ತೆ ನೋಡಿದೆ. ಈ ಸಲ ಏಳನೆಯ ಲೇನ್‌ನಲ್ಲಿ ಜೀನ್ ತೆಗೆದ ಇಲಿಯ ಸ್ನಾಯುವೂ ಇತ್ತು. 12.5ರ ಹತ್ತಿರ ಆರು ಮಸುಕು ಗೆರೆಗಳು ಬಂದವು, ಕಣ್ಣಿಗೆ ಬೀಳಲು ಫಿಲ್ಮನ್ನು ಹತ್ತು ನಿಮಿಷ ಇಡಬೇಕಾಯಿತು. ಎಳೆಯದಕ್ಕೂ ಮುದಿಯದಕ್ಕೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಏಳನೆಯ ಲೇನ್‌ನಲ್ಲಿ ಏನೂ ಬರಲಿಲ್ಲ.